ಹಿರಿಯರ ಕೈಯಿಂದ ಕಿರಿಯರ ಕೈಗೆ: ಓದುಗರ ಪ್ರಶ್ನೆ, ನಮ್ಮ ಉತ್ತರ

ಗ್ವಾಟೆಮಾಲಾ ಮತ್ತು ದಕ್ಷಿಣ ಮೆಕ್ಸಿಕೊದ ಮಾಯಾ ಹಿರಿಯರು ತಮ್ಮ ದಿನಗಣನೆ, ಮುಸುಕಿನ ಜೋಳದ ಬೇಸಾಯ, ನೇಯ್ಗೆ, ಮದ್ದಿನ ತಿಳಿವಳಿಕೆಯನ್ನು ಮೊಮ್ಮಕ್ಕಳಿಗೆ ಹೇಗೆ ದಾಟಿಸುತ್ತಾರೆ ಎಂಬ ಬಗ್ಗೆ ಹಿಂದಿನ ಸಂಚಿಕೆಯಲ್ಲಿ ಲೇಖನ ಬಂದಿತ್ತು. ಅದನ್ನು ಓದಿ ಮೈಸೂರು, ಮಂಡ್ಯ ಕಡೆಯಿಂದ ಪತ್ರಗಳು ಬಂದಿವೆ. ಕೆಲವರು ಮಾಯಾ ಜನರ ಬಗ್ಗೆ ಕೇಳಿದ್ದಾರೆ. ಹೆಚ್ಚಿನವರು ಕೇಳಿರುವುದು ತಮ್ಮ ಮನೆಯ ಅಜ್ಜ ಅಜ್ಜಿಗೆ ಗೊತ್ತಿರುವುದನ್ನು ಉಳಿಸಿಕೊಳ್ಳುವುದು ಹೇಗೆಂದು. ಆಯ್ದ ಪ್ರಶ್ನೆಗಳಿಗೆ ಇಲ್ಲಿ ಉತ್ತರಿಸಿದ್ದೇವೆ.

ಪ್ರಶ್ನೆ: ಮಾಯಾ ನಾಗರಿಕತೆ ಸಾವಿರ ವರ್ಷದ ಹಿಂದೆಯೇ ಅಳಿದುಹೋಯಿತು ಎಂದು ಓದಿದ್ದೆ. ಹಾಗಾದರೆ ಈ ಹಿರಿಯರು ಯಾರು?
— ವಿದ್ಯಾರ್ಥಿನಿ, ಕುವೆಂಪುನಗರ, ಮೈಸೂರು

ಒಂಬತ್ತು, ಹತ್ತನೆಯ ಶತಮಾನಗಳಲ್ಲಿ ಟಿಕಾಲ್‌ನಂಥ ಕಾಡಿನ ನಡುವಿನ ಪಟ್ಟಣಗಳು ಪಾಳುಬಿದ್ದವು. ಜನ ಅಳಿಯಲಿಲ್ಲ. 2018ರ ಜನಗಣತಿಯಲ್ಲಿ ಗ್ವಾಟೆಮಾಲಾದ ಸುಮಾರು ಶೇ 42ರಷ್ಟು ಮಂದಿ ತಾವು ಮಾಯಾ ಎಂದೇ ಬರೆಸಿದ್ದಾರೆ. ಮೆಕ್ಸಿಕೊದ ಯುಕಟಾನ್, ಚಿಯಾಪಾಸ್ ಪ್ರಾಂತ್ಯಗಳಲ್ಲಿ, ಬೆಲೀಜ್‌ನಲ್ಲಿಯೂ ಅವರಿದ್ದಾರೆ. ಮಾಯಾ ಅನ್ನುವುದು ಒಂದು ಭಾಷೆಯಲ್ಲ, ಸುಮಾರು 30 ಭಾಷೆಗಳ ಕುಟುಂಬ. ಕಿಚೆ ಭಾಷೆಯೊಂದನ್ನೇ ಹತ್ತು ಲಕ್ಷದಷ್ಟು ಜನ ಆಡುತ್ತಾರೆ.

ಈ ಸಮುದಾಯದಲ್ಲಿ ಹಿರಿಯರಿಗೆ ಅಷ್ಟು ಬೆಲೆ ಬರಲು ಕಾರಣವಿದೆ. 1562ರಲ್ಲಿ ಯುಕಟಾನ್‌ನ ಮಾನಿ ಎಂಬ ಊರಲ್ಲಿ ಡಿಯೆಗೊ ಡಿ ಲಾಂಡಾ ಎಂಬ ಪಾದ್ರಿ ಮಾಯಾ ಗ್ರಂಥಗಳನ್ನು ಸುಡಿಸಿದ. ಈಗ ಜಗತ್ತಿನಲ್ಲಿ ಉಳಿದಿರುವ ಹಳೆಯ ಮಾಯಾ ಗ್ರಂಥಗಳು ನಾಲ್ಕೇ ನಾಲ್ಕು. ಬರೆದದ್ದು ಬಹುಪಾಲು ಬೂದಿಯಾದ ಮೇಲೆ ಉಳಿದದ್ದು ಹೆಚ್ಚಾಗಿ ಬಾಯಲ್ಲಿ, ಕೈಯಲ್ಲಿ ಇದ್ದದ್ದೇ. ಆಮೇಲೆ 1960ರಿಂದ 1996ರವರೆಗೆ ಗ್ವಾಟೆಮಾಲಾದಲ್ಲಿ ನಡೆದ ಒಳಯುದ್ಧದಲ್ಲಿ ಎರಡು ಲಕ್ಷಕ್ಕೂ ಹೆಚ್ಚು ಜನ ಸತ್ತರು ಅಥವಾ ಕಾಣೆಯಾದರು. ಗುರುತು ಸಿಕ್ಕವರಲ್ಲಿ ಶೇ 83ರಷ್ಟು ಮಂದಿ ಮಾಯಾ ಜನ ಎಂದು ವಿಶ್ವಸಂಸ್ಥೆಯ ಬೆಂಬಲದ ಆಯೋಗ 1999ರಲ್ಲಿ ವರದಿ ಕೊಟ್ಟಿತು. ಎಷ್ಟೋ ಊರುಗಳಲ್ಲಿ ಹೇಳಿಕೊಡಬೇಕಾದ ತಲೆಮಾರೇ ಇಲ್ಲವಾಯಿತು. ಈಗಿನ ಹಿರಿಯರು ಅವಸರಪಡುತ್ತಿರುವುದು ಇದಕ್ಕಾಗಿ.

ಪ್ರಶ್ನೆ: ಅವರ 260 ದಿನದ ಲೆಕ್ಕ ನಮ್ಮ ಪಂಚಾಂಗದ ಥರವೇ? ನಮ್ಮೂರಿನ ತಾತ ಒಬ್ಬರು ಮಳೆ ನಕ್ಷತ್ರ ಹೇಳುತ್ತಾರೆ, ಈಚೆಗೆ ಬಹಳ ಸಲ ತಪ್ಪುತ್ತದೆ. ಇಂಥದನ್ನೂ ಮಕ್ಕಳಿಗೆ ಕಲಿಸಬೇಕಾ?
— ಶ್ರೀರಂಗಪಟ್ಟಣದ ಓದುಗರು

ನಮ್ಮಲ್ಲಿ ಏಳು ವಾರ, ಇಪ್ಪತ್ತೇಳು ನಕ್ಷತ್ರ ಒಂದರ ಪಕ್ಕ ಒಂದು ಓಡುತ್ತವಲ್ಲ, ಅಲ್ಲಿ 20 ದಿನದ ಹೆಸರುಗಳ ಜೊತೆ 1ರಿಂದ 13ರವರೆಗಿನ ಅಂಕಿ ಓಡುತ್ತದೆ. ಕಿಚೆ ಜನರ ಲೆಕ್ಕದಲ್ಲಿ ಇವತ್ತು ‘8 ಬಾಟ್ಸ್’ ಆದರೆ ನಾಳೆ ‘9 ಎ’, ನಾಡಿದ್ದು ‘10 ಆಹ್’. ಹದಿಮೂರು ಮುಗಿದರೆ ಅಂಕಿ ಮತ್ತೆ ಒಂದಕ್ಕೆ ಬರುತ್ತದೆ. ಹಾಗಾಗಿ 20 ದಿನ ಕಳೆದು ಬಾಟ್ಸ್ ಬಂದಾಗ ಅದು ‘2 ಬಾಟ್ಸ್’, ಅದರ ಮುಂದಿನದು ‘9 ಬಾಟ್ಸ್’. ‘8 ಬಾಟ್ಸ್’ ತಿರುಗಿ ಬರುವುದು 260 ದಿನಕ್ಕೆ. ಇದಲ್ಲದೆ ಇಪ್ಪತ್ತು ದಿನದ 18 ತಿಂಗಳು ಮತ್ತು ಐದು ದಿನ ಸೇರಿದ 365 ದಿನದ ವರ್ಷವೂ ಅವರಿಗುಂಟು. ಎರಡೂ ಹೊರಟಲ್ಲಿಗೇ ಬಂದು ಸೇರಲು 52 ವರ್ಷ ಹಿಡಿಯುತ್ತದೆ.

ದಿನ ಎಣಿಸುವವರನ್ನು ಅಹ್‌ಕಿಹ್ ಎನ್ನುತ್ತಾರೆ. ಗಂಡಸರೂ ಆಗಬಹುದು, ಹೆಂಗಸರೂ ಆಗಬಹುದು. ಹುಟ್ಟಿದ ದಿನ, ಕನಸು, ವಾಸಿಯಾಗದ ಕಾಯಿಲೆ, ಇವುಗಳಲ್ಲಿ ಕರೆ ಬಂತೆಂದು ಹಿರಿಯ ಅಹ್‌ಕಿಹ್ ಒಪ್ಪಿದ ಮೇಲೆ ಕಲಿಕೆ ಶುರು. ಮೊಮೊಸ್ಟೆನಾಂಗೊ ಎಂಬ ಊರಿನ ಪದ್ಧತಿಯಲ್ಲಿ ಆ ಕಲಿಕೆ ಹೆಚ್ಚುಕಡಿಮೆ ಒಂದು ಪೂರ್ತಿ 260 ದಿನದ ಸುತ್ತು. ‘8 ಬಾಟ್ಸ್’ ದಿನ ದೀಕ್ಷೆ. ಶಿಷ್ಯರ ಕೈಗೆ ಬರುವ ಗಂಟಿನಲ್ಲಿ ತ್ಸಿತೆ ಮರದ ಕೆಂಪು ಬೀಜಗಳೂ ಸ್ಫಟಿಕದ ಹರಳುಗಳೂ ಇರುತ್ತವೆ. ತ್ಸಿತೆ ನಮ್ಮ ಹಾಲುವಾಣದ ಕುಲದ್ದೇ ಮರ. ಬೀಜ ಹಿಡಿಹಿಡಿಯಾಗಿ ಎತ್ತಿ, ಸಾಲಿಟ್ಟು, ದಿನದ ಹೆಸರು ಎಣಿಸುತ್ತ ಹೋಗುವುದರಿಂದ ಲೆಕ್ಕ ಬಾಯಿಗೂ ಬೆರಳಿಗೂ ಒಟ್ಟಿಗೆ ಕೂರುತ್ತದೆ. ಸುತ್ತಿನ ನಡುವೆ ಬಿಟ್ಟರೆ ಕಲಿತಂತಾಗುವುದಿಲ್ಲ, ಯಾಕೆಂದರೆ ಪ್ರತಿ ದಿನಕ್ಕೂ ಅದರದೇ ಕೆಲಸ, ಅದರದೇ ಜಾಗವಿದೆ.

ಈಗ ಮಳೆ ನಕ್ಷತ್ರ. ಸೂರ್ಯ ಒಂದು ನಕ್ಷತ್ರದಲ್ಲಿ ಸುಮಾರು ಹದಿಮೂರೂವರೆ ದಿನ ಇರುತ್ತಾನೆ. ಭರಣಿ ಏಪ್ರಿಲ್ ಕೊನೆಗೆ, ರೋಹಿಣಿ ಮೇ 25ರ ಆಸುಪಾಸಿಗೆ, ಆರಿದ್ರಾ ಜೂನ್ 22ರ ಹೊತ್ತಿಗೆ ಹುಟ್ಟುತ್ತದೆ. ಇದು ದಿನದ ಲೆಕ್ಕ, ತಪ್ಪುವುದಿಲ್ಲ. ‘ಭರಣಿ ಮಳೆ ಬಂದರೆ ಧರಣಿಯೆಲ್ಲ ಬೆಳೆ’ ಎನ್ನುವುದು ಆ ಲೆಕ್ಕದ ಮೇಲೆ ಕೂತ ಅನುಭವ. ತಪ್ಪುತ್ತಿರುವುದು ಎರಡನೆಯದು, ಮಳೆ ಬರುವ ಹೊತ್ತು ಅದಲು ಬದಲಾಗಿರುವುದರಿಂದ. ಇನ್ನೂ ಒಂದು ನಿಧಾನದ ಕಾರಣವಿದೆ. ಋತುಗಳಿಗೆ ಹೋಲಿಸಿದರೆ ನಕ್ಷತ್ರದ ಲೆಕ್ಕ ಸುಮಾರು 72 ವರ್ಷಕ್ಕೆ ಒಂದು ದಿನ ಮುಂದೆ ಸರಿಯುತ್ತದೆ, ಸಾವಿರ ವರ್ಷಕ್ಕೆ ಒಂದು ನಕ್ಷತ್ರದಷ್ಟು.

ಕಲಿಸಲೇಬೇಕು, ಆದರೆ ಪುಸ್ತಕ ಹಿಡಿಸಿ ಕಲಿಸಿ. ಬಾಯಿಯೂ ತಳವೂ ಒಂದೇ ಅಗಲ ಇರುವ ನೆಟ್ಟಗಿನ ಡಬ್ಬವೊಂದನ್ನು ಮರ, ಸೂರಿನಿಂದ ದೂರ, ನೆಲದಿಂದ ಒಂದಡಿ ಮೇಲೆ ಅಲ್ಲಾಡದಂತೆ ಇಡಿ. ದಿನಾ ಬೆಳಗ್ಗೆ ಎಂಟೂವರೆಗೆ ಸ್ಕೇಲ್ ಇಳಿಬಿಟ್ಟು ನೀರಿನ ಆಳ ನೋಡಿದರೆ ಅಷ್ಟೇ ಮಿಲಿಮೀಟರ್ ಮಳೆ. ಪಕ್ಕದಲ್ಲಿ ನಕ್ಷತ್ರದ ಹೆಸರು, ತಾತ ಏನು ಹೇಳಿದ್ದರು, ಹೊಲದಲ್ಲಿ ಅವತ್ತು ಏನಿತ್ತು ಎಂದು ಬರೆಯಲಿ. ಐದು ವರ್ಷ ಬರೆದರೆ ಯಾವ ಮಾತು ನಿಮ್ಮೂರಿಗೆ ಇನ್ನೂ ನಿಲ್ಲುತ್ತದೆ, ಯಾವುದು ನಿಲ್ಲುವುದಿಲ್ಲ ಎನ್ನುವುದು ಮಕ್ಕಳಿಗೇ ಕಾಣುತ್ತದೆ. ತಾತನನ್ನು ಸುಳ್ಳುಗಾರನನ್ನಾಗಿ ಮಾಡುವ ಪ್ರಮೇಯವೇ ಬರುವುದಿಲ್ಲ.

ಪ್ರಶ್ನೆ: ಮಾಯಾ ಹೆಂಗಸರು ಜೋಳವನ್ನು ಸುಣ್ಣದಲ್ಲಿ ಬೇಯಿಸುತ್ತಾರೆ ಎಂದು ಬರೆದಿದ್ದಿರಿ. ನಮ್ಮ ಹೊಲದಲ್ಲಿ ಮುಸುಕಿನ ಜೋಳ ಇದೆ. ಮನೆಯಲ್ಲಿ ಮಾಡಬಹುದಾ, ಸುಣ್ಣ ತಿಂದರೆ ತೊಂದರೆ ಇಲ್ಲವಾ?
— ಮದ್ದೂರಿನ ಗೃಹಿಣಿ

ಮಾಡಬಹುದು ತಾಯಿ. ಅಳತೆ ಸರಿಯಿದ್ದರೆ ತೊಂದರೆಯಿಲ್ಲ, ಬೇಯಿಸಿದ ಮೇಲೆ ಸುಣ್ಣದ ನೀರನ್ನು ತೊಳೆದೇ ರುಬ್ಬುವುದು. ಇದಕ್ಕೆ ನಿಷ್ತಮಾಲ್ ಎಂದು ಹೆಸರು.

ಗಿಡದಲ್ಲೇ ಒಣಗಿದ ಗಟ್ಟಿ ಕಾಳು ಒಂದು ಕಿಲೋ ತೆಗೆದುಕೊಳ್ಳಿ. ಸ್ವೀಟ್ ಕಾರ್ನ್ ಆಗುವುದಿಲ್ಲ. ಬಿತ್ತನೆ ಪ್ಯಾಕೆಟ್ಟಿನ ಬಣ್ಣ ಬಳಿದ ಬೀಜವನ್ನಂತೂ ಮುಟ್ಟಲೇಬೇಡಿ, ಅದಕ್ಕೆ ವಿಷ ಲೇಪಿಸಿರುತ್ತಾರೆ. ಬೂಷ್ಟು ಹಿಡಿದ, ಮುಗ್ಗಲು ವಾಸನೆಯ ಕಾಳು ಆರಿಸಿ ಬಿಸಾಡಿ. ನೀರು ಮೂರು ಲೀಟರ್. ಸುಣ್ಣ, ತಿನ್ನುವ ಸುಣ್ಣದ ಒಣ ಪುಡಿಯಾದರೆ 10 ಗ್ರಾಂ, ಅಂದರೆ ಕಾಳಿನ ತೂಕದ ನೂರರಲ್ಲಿ ಒಂದು ಪಾಲು. ಎಲೆಗೆ ಹಚ್ಚುವ ಮುದ್ದೆ ಸುಣ್ಣದಲ್ಲಿ ಅರ್ಧದಷ್ಟು ನೀರೇ ಇರುವುದರಿಂದ ಅದಾದರೆ 20 ಗ್ರಾಂ. ಬಣ್ಣ, ಪರಿಮಳ ಬೆರೆಸಿದ್ದು ಬೇಡ, ಗೋಡೆಗೆ ಬಳಿಯುವುದು ಬೇಡವೇ ಬೇಡ. ಪಾತ್ರೆ ಸ್ಟೀಲಿನದು ಅಥವಾ ಮಣ್ಣಿನದು ಇರಲಿ. ಅಲ್ಯೂಮಿನಿಯಂ ಪಾತ್ರೆಯನ್ನು ಸುಣ್ಣ ತಿನ್ನುತ್ತದೆ.

ತಣ್ಣೀರಿಗೆ ಸುಣ್ಣ ಕದಡಿ, ಕಾಳು ಹಾಕಿ, ಕುದಿ ಬಂದ ಮೇಲೆ ಉರಿ ಸಣ್ಣ ಮಾಡಿ. ಐದು ನಿಮಿಷದೊಳಗೆ ಕಾಳು ಕಡು ಹಳದಿಗೆ ತಿರುಗುತ್ತದೆ. ಮೂವತ್ತರಿಂದ ನಲವತ್ತೈದು ನಿಮಿಷ ಸಾಕು. ಒಂದು ಕಾಳು ತೆಗೆದು ಹೆಬ್ಬೆರಳಲ್ಲಿ ಉಜ್ಜಿದರೆ ಸಿಪ್ಪೆ ಜಾರಬೇಕು, ಅಡ್ಡ ಕತ್ತರಿಸಿದರೆ ನಡುವೆ ಸಣ್ಣಗೆ ಬಿಳಿ ಹಿಟ್ಟು ಉಳಿದಿರಬೇಕು. ಆ ಬಿಳಿ ಪೂರ್ತಿ ಮಾಯವಾದರೆ ಬೆಂದದ್ದು ಹೆಚ್ಚಾಯಿತು ಎಂದೇ ಅರ್ಥ, ಹಿಟ್ಟು ಅಂಟಂಟಾಗಿ ಕೈಬಿಡುವುದಿಲ್ಲ. ಒಲೆ ಆರಿಸಿ ಮುಚ್ಚಿ ರಾತ್ರಿಯಿಡೀ, ಎಂಟರಿಂದ ಹನ್ನೆರಡು ಗಂಟೆ, ಹಾಗೇ ಬಿಡಿ. ನಮ್ಮ ಏಪ್ರಿಲ್ ಸೆಖೆಯಲ್ಲಿ ಅದಕ್ಕಿಂತ ಹೆಚ್ಚು ಬಿಟ್ಟರೆ ಹುಳಿ ವಾಸನೆ ಬರುತ್ತದೆ.

ಬೆಳಗ್ಗೆ ನೀರು ಬಸಿದು ಎರಡು ಮೂರು ಸಲ ಉಜ್ಜಿ ತೊಳೆಯಿರಿ. ಸಿಪ್ಪೆ ಪೂರ್ತಿ ತೆಗೆಯಬೇಡಿ. ಜಿಗುಟಾದ ಆ ಸಿಪ್ಪೆಯಿಂದಲೇ ಹಿಟ್ಟಿಗೆ ಕಟ್ಟು ಬರುವುದು. ಬಸಿದ ನೀರನ್ನು ಹೂವಿನ ಗಿಡಕ್ಕೆ ಸುರಿಯಬೇಡಿ, ಕ್ಷಾರವಿರುವ ಸುಣ್ಣದ ನೀರದು. ಒರಳಲ್ಲೋ ವೆಟ್ ಗ್ರೈಂಡರಿನಲ್ಲೋ ನೀರು ಚಿಮುಕಿಸುತ್ತ ರುಬ್ಬಿ. ಮಿಕ್ಸಿಯಾದರೆ ಬಿಸಿಯಾಗಿ ಹಿಟ್ಟು ಹಾಳಾಗುತ್ತದೆ, ಕಡಿಮೆ ಕಡಿಮೆ ಹಾಕಿ. ಉಂಡೆ ಒತ್ತಿದಾಗ ಅಂಚು ಬಿರಿದರೆ ನೀರು ಸಾಲದು, ಅಂಗೈಗೆ ಮೆತ್ತಿದರೆ ಹೆಚ್ಚಾಗಿದೆ. ನಿಂಬೆ ಗಾತ್ರದ ಉಂಡೆಯನ್ನು ಎರಡು ಪ್ಲಾಸ್ಟಿಕ್ ಹಾಳೆಯ ನಡುವೆ ತಟ್ಟಿ, ಚೆನ್ನಾಗಿ ಕಾದ ಕಾವಲಿಯ ಮೇಲೆ ಎರಡೂ ಕಡೆ ಒಂದೊಂದು ನಿಮಿಷ ಸುಡಿ. ಸರಿಯಾಗಿದ್ದರೆ ಉಬ್ಬುತ್ತದೆ.

ಇಷ್ಟು ಪಾಡು ಯಾಕೆಂದರೆ, ಮುಸುಕಿನ ಜೋಳದಲ್ಲಿರುವ ನಯಾಸಿನ್ ಎಂಬ ಜೀವಸತ್ವ ಬಿಗಿದುಕೊಂಡಿರುತ್ತದೆ, ಬರೀ ಬೇಯಿಸಿದರೆ ಮೈಗೆ ಹತ್ತುವುದಿಲ್ಲ. ಸುಣ್ಣ ಅದನ್ನು ಬಿಡಿಸುತ್ತದೆ, ಜೊತೆಗೆ ಕ್ಯಾಲ್ಸಿಯಂ ಸೇರಿಸುತ್ತದೆ. ಸ್ಪೇನಿನವರು ಜೋಳದ ಬೀಜವನ್ನು ಯುರೋಪಿಗೆ ಒಯ್ದರು, ಅಡುಗೆಮನೆಯ ಈ ಕೆಲಸವನ್ನು ಒಯ್ಯಲಿಲ್ಲ. ಬಡವರು ಬರೀ ಜೋಳ ತಿಂದು ಬದುಕಿದ ಕಡೆಗಳಲ್ಲಿ ಚರ್ಮ ಸುಲಿಯುವ, ಭೇದಿಯಾಗುವ, ಕೊನೆಗೆ ಬುದ್ಧಿ ಕೆಡುವ ಪೆಲಾಗ್ರಾ ರೋಗ ಹಬ್ಬಿತು. 1735ರಲ್ಲಿ ಗಾಸ್ಪರ್ ಕಸಾಲ್ ಎಂಬ ಸ್ಪೇನಿನ ವೈದ್ಯರು ಅದನ್ನು ಗುರುತಿಸಿದರು. ಇಟಲಿಯಲ್ಲಿ, ಇಪ್ಪತ್ತನೆಯ ಶತಮಾನದ ಮೊದಲ ದಶಕಗಳಲ್ಲಿ ಅಮೆರಿಕದ ದಕ್ಷಿಣ ರಾಜ್ಯಗಳಲ್ಲೂ ಅದು ಸಾವಿರಾರು ಜನರನ್ನು ಕೊಂದಿತು. ಅದೇ ಜೋಳವನ್ನು ಹುರುಳಿಕಾಯಿ ಜಾತಿಯ ಕಾಳು, ಕುಂಬಳದ ಜೊತೆ ಬೆಳೆದು, ಸುಣ್ಣದಲ್ಲಿ ಬೇಯಿಸಿ ತಿನ್ನುತ್ತಿದ್ದ ಮಾಯಾ ಜನರನ್ನು ಈ ರೋಗ ಹಾಗೆ ಕಾಡಲಿಲ್ಲ. ಅಜ್ಜಿ ಮಾಡುವ ಯಾವ ಹಂತವನ್ನೂ ‘ಇದು ಸುಮ್ಮನೆ ಶಾಸ್ತ್ರಕ್ಕೆ’ ಎಂದು ಬಿಡುವ ಮುಂಚೆ ಇದನ್ನು ನೆನೆಯಬೇಕು.

ಪ್ರಶ್ನೆ: ನಮ್ಮ ತಾತನಿಗೆ ಎಂಬತ್ತು ದಾಟಿದೆ. ರಾಗಿ ಅಕ್ಕಡಿ ಬೇಸಾಯ, ಬೀಜ ಕಟ್ಟುವುದು ಎಲ್ಲ ಗೊತ್ತು. ನಾನು ಬೆಂಗಳೂರಲ್ಲಿ ಕೆಲಸದಲ್ಲಿದ್ದೇನೆ, ತಿಂಗಳಿಗೊಮ್ಮೆ ಊರಿಗೆ ಬರುತ್ತೇನೆ. ಮೊಬೈಲಿನಲ್ಲಿ ರೆಕಾರ್ಡ್ ಮಾಡಿಟ್ಟುಕೊಂಡರೆ ಸಾಕಾ?
— ಪಾಂಡವಪುರ ತಾಲ್ಲೂಕಿನ ಯುವಕ

ರೆಕಾರ್ಡ್ ಬೇಕು, ಆದರೆ ಅದರಿಂದ ನಿಮಗೆ ಬಿತ್ತನೆ ಬರುವುದಿಲ್ಲ. ತಾತನ ಹತ್ತಿರ ಎರಡು ಗುಂಟೆ ಕೇಳಿ. ತಿಂಗಳಿಗೊಮ್ಮೆ ಬರುವವರಿಗೆ ಅಷ್ಟೇ ಸಾಕು. ಬರುವ ದಿನವನ್ನು ಮಾತ್ರ ರಜೆ ನೋಡಿ ಇಟ್ಟುಕೊಳ್ಳಬೇಡಿ, ಹೊಲದ ಕೆಲಸ ನೋಡಿ ಇಟ್ಟುಕೊಳ್ಳಿ.

ಜೂನ್‌ನಲ್ಲಿ ಬೀಜ ಪರೀಕ್ಷೆ. ನೂರು ರಾಗಿ ಕಾಳು ಎಣಿಸಿ ಒದ್ದೆ ಬಟ್ಟೆಯಲ್ಲಿ ಸುತ್ತಿಟ್ಟು ಐದನೆಯ ದಿನ ಬಿಚ್ಚಿದಾಗ 75ಕ್ಕಿಂತ ಕಡಿಮೆ ಮೊಳೆತಿದ್ದರೆ ಬೀಜ ಬದಲಿಸಬೇಕು. ಜುಲೈಯಲ್ಲಿ ಹದ ನೋಡಿ ಬಿತ್ತನೆ. ಕೂರಿಗೆಯಲ್ಲಿ ಎಕರೆಗೆ ನಾಲ್ಕೈದು ಕಿಲೋ ಹಿಡಿಯುವ ರಾಗಿ ನಿಮ್ಮ ಎರಡು ಗುಂಟೆಗೆ ಕಾಲು ಕಿಲೋ. ಎಂಟು ಹತ್ತು ಸಾಲು ರಾಗಿಗೆ ಒಂದೆರಡು ಸಾಲು ಅಕ್ಕಡಿ. ಅವರೆ, ತೊಗರಿ, ಹುಚ್ಚೆಳ್ಳು, ಸಾಸಿವೆ, ಅಂಚಿಗೆ ಜೋಳ ಇಲ್ಲವೇ ಹರಳು. ಅಕ್ಕಡಿ ಕಾಳನ್ನು ಕೂರಿಗೆ ಹಿಂದಿನ ಸಡ್ಡೆಯಲ್ಲಿ ಬಿಡುವುದು ಬೇರೆಯದೇ ಕೈಚಳಕ. ನಡೆಯುವ ವೇಗಕ್ಕೂ ಬೆರಳು ಬಿಡುವ ವೇಗಕ್ಕೂ ತಾಳೆಯಾಗದಿದ್ದರೆ ಒಂದು ಕಡೆ ಗುಂಪು, ಇನ್ನೊಂದು ಕಡೆ ಖಾಲಿ. ಇದನ್ನು ತಾತ ಬಾಯಲ್ಲಿ ಹೇಳಲಾರರು, ಹಿಂದೆ ನಡೆದು ನೀವೇ ಬಿಡಬೇಕು. ಆಗಸ್ಟ್‌ನಲ್ಲಿ ಕುಂಟೆ, ಕಳೆ. ನವೆಂಬರ್‌ನಲ್ಲಿ ಕೊಯ್ಲಿಗೆ ಮುಂಚೆಯೇ ಹೊಲದಲ್ಲಿ ನಿಂತು ಬೀಜದ ತೆನೆ ಆರಿಸುವುದು. ರಾಗಿ ಎದ್ದ ಮೇಲೆ ಅವರೆ, ತೊಗರಿ ನೆಲದ ಉಳಿದ ತೇವ, ಇಬ್ಬನಿ ಕುಡಿದು ಹೂ ಕಚ್ಚುತ್ತವೆ. ಹಾಗಾಗಿ ಜನವರಿ, ಫೆಬ್ರವರಿಯಲ್ಲಿ ಮತ್ತೆ ಹೊಲಕ್ಕೆ ಬರಬೇಕು. ಮಾಯಾ ರೈತರ ಮಿಲ್ಪ ಹೊಲದಲ್ಲೂ ಜೋಳದ ದಂಟನ್ನು ಹಿಡಿದು ಕಾಳಿನ ಬಳ್ಳಿ ಹತ್ತುತ್ತದೆ, ಕುಂಬಳದ ಎಲೆ ನೆಲ ಮುಚ್ಚಿ ಕಳೆ ತಡೆಯುತ್ತದೆ. ಮೂರನ್ನೂ ಯಾವ ಅಂತರದಲ್ಲಿ, ಎಷ್ಟು ದಿನ ಬಿಟ್ಟು ಊರಬೇಕು ಎನ್ನುವುದನ್ನು ಮಕ್ಕಳು ಕಲಿಯುವುದು ಗುಣಿ ತೋಡುವ ಕೋಲು ಹಿಡಿದೇ.

ಬೀಜ ಕಟ್ಟುವಾಗ ಅವರೆ, ತೊಗರಿಗೆ ಹುಳು ಬೀಳುವುದೇ ದೊಡ್ಡ ಕಷ್ಟ. ಎರಡು ಮೂರು ಬಿಸಿಲು ಒಣಗಿಸಿ, ಕಚ್ಚಿದರೆ ಟಕ್ಕನೆ ಮುರಿಯುವ ಹಾಗಾದ ಮೇಲೆ, ಕಿಲೋಗೆ ಐದರಿಂದ ಹತ್ತು ಮಿಲಿ ಹರಳೆಣ್ಣೆ ಸವರುತ್ತಾರೆ, ಇಲ್ಲವೇ ಕೆಮ್ಮಣ್ಣು ಕಟ್ಟುತ್ತಾರೆ. ಬಿಸಿಲು ಸಾಲದೆ ಸವರಿದರೆ ತೇವ ಒಳಗೇ ಉಳಿದು ಬೂಷ್ಟು ಬರುತ್ತದೆ. ನಿಮ್ಮಲ್ಲಿ ಹಳೆಯ ಹಗೇವು, ಅಂದರೆ ನೆಲದೊಳಗೆ ಕಾಳು ತುಂಬಿಡುವ ಗುಂಡಿ, ಇದ್ದರೆ ಒಂದು ಮಾತು: ಮುಚ್ಚಿದ ಹಗೇವಿನಲ್ಲಿ ಕೆಟ್ಟ ಗಾಳಿ ತುಂಬಿರುತ್ತದೆ, ಉಸಿರುಗಟ್ಟಿ ಸತ್ತವರಿದ್ದಾರೆ. ಹಿರಿಯರು ಬಾಯಿ ತೆಗೆದು ಗಾಳಿಯಾಡಲು ಬಿಟ್ಟು, ದೀಪ ಇಳಿಸಿ ನೋಡದೆ ಯಾರನ್ನೂ ಇಳಿಸುತ್ತಿರಲಿಲ್ಲ. ರೀಲ್ಸ್ ಮಾಡಲು ಎಂದು ಇಳಿಯಬೇಡಿ.

ಇನ್ನು ರೆಕಾರ್ಡಿಂಗ್. ಜಗಲಿಯಲ್ಲಿ ಕೂರಿಸಿ ‘ಹೇಳಿ ತಾತ’ ಎಂದರೆ ಅರ್ಧಕ್ಕರ್ಧ ಬಿಟ್ಟುಹೋಗುತ್ತದೆ. ಕೆಲಸ ಮಾಡುವಾಗ ಹಿಡಿಯಿರಿ, ಅವತ್ತು ಸಂಜೆ ಕೂತು ಅದನ್ನೇ ತೋರಿಸಿ ಕೇಳಿ. ವಿಡಿಯೊವನ್ನು ಎದುರಿನಿಂದ ತೆಗೆದರೆ ಎಡ ಬಲ ತಿರುಗುಮುರುಗಾಗುತ್ತದೆ. ಅವರ ಹೆಗಲ ಹಿಂದೆ ನಿಂತು, ಕೈ ಕಾಣುವ ಹಾಗೆ, ಮೊಬೈಲ್ ಅಡ್ಡ ಹಿಡಿದು ತೆಗೆಯಿರಿ. ಧ್ವನಿಗಾದರೆ ಮೊಬೈಲ್ ಏರ್‌ಪ್ಲೇನ್ ಮೋಡ್‌ನಲ್ಲಿ, ಬಾಯಿಂದ ಒಂದೂವರೆ ಅಡಿಯೊಳಗೆ, ಫ್ಯಾನು ಟಿವಿ ಆರಿಸಿ. ಸೌಲಭ್ಯವಿದ್ದರೆ ವೇವ್ ಫೈಲ್ ಇಡಿ, ಗಂಟೆಗೆ ಸುಮಾರು 300 ಎಂಬಿ ಆಗುತ್ತದೆ. ಮೊದಲಿಗೆ ದಿನಾಂಕ, ಊರು, ಹೇಳುವವರ ಹೆಸರು, ವಿಷಯವನ್ನು ನೀವೇ ಬಾಯಲ್ಲಿ ಹೇಳಿಬಿಡಿ, ಫೈಲಿನ ಹೆಸರು ಅಳಿಸಿದರೂ ಅದು ಉಳಿಯುತ್ತದೆ. ನಲವತ್ತು ನಿಮಿಷ ಮೀರಿಸಬೇಡಿ, ದಣಿದ ಹಿರಿಯರು ‘ಹೂಂ ಹೂಂ’ ಎಂದು ನೀವು ಹೇಳಿದ್ದಕ್ಕೇ ಒಪ್ಪಿಬಿಡುತ್ತಾರೆ. ವಾಟ್ಸಾಪ್‌ನಲ್ಲಿ ವಿಡಿಯೊ ಕಳಿಸಿದರೆ ಅದು ಕುಗ್ಗುತ್ತದೆ, ಡಾಕ್ಯುಮೆಂಟ್ ಆಗಿ ಕಳಿಸಿ. ಮೂರು ಪ್ರತಿ ಇರಲಿ, ಒಂದು ಬೇರೆ ಮನೆಯಲ್ಲಿರಲಿ.

‘ಹೇಗೆ ಮಾಡ್ತೀರಿ’ ಎಂದು ಕೇಳಿದರೆ ಸಿಗುವುದು ಸ್ವಲ್ಪವೇ. ‘ಕೆಟ್ಟರೆ ಮೊದಲು ಎಲ್ಲಿ ಗೊತ್ತಾಗುತ್ತೆ? ವಾಸನೆಯಲ್ಲಾ, ಬಣ್ಣದಲ್ಲಾ? ಮಳೆ ಹಿಂದಾದ ವರ್ಷ ಏನು ಬದಲಿಸಿದಿರಿ?’ ಎಂದು ಕೇಳಿ. ಸೇರು, ಪಾವು, ಬಳ್ಳ, ಕೊಳಗ ಊರಿಂದೂರಿಗೆ ಬೇರೆ. ಪುಸ್ತಕದ ಲೆಕ್ಕ ಬರೆಯದೆ ನಿಮ್ಮ ಮನೆಯ ಸೇರಿನಲ್ಲಿ ಅದೇ ಕಾಳು ತುಂಬಿ ತೂಕ ಮಾಡಿ ಬರೆಯಿರಿ. ‘ಒಂದು ಹಿಡಿ’ ಎಂದರೆ ತಾತನ ಕೈಯಲ್ಲೇ ಐದು ಸಲ ಹಿಡಿಸಿ, ಐದನ್ನೂ ತೂಗಿ ಸರಾಸರಿ ತೆಗೆಯಿರಿ. ನಿಮ್ಮ ಹಿಡಿ ಬೇರೆ, ಅವರದು ಬೇರೆ. ಬರಹಕ್ಕಿಳಿಸುವಾಗ ‘ಒಸಿ ತ್ಯಾವ ಆರ್ಲಿ ಕಣ್ಲಾ’ ಎಂದರೆ ಹಾಗೇ ಬರೆಯಿರಿ, ಗ್ರಂಥದ ಕನ್ನಡಕ್ಕೆ ತಿದ್ದಬೇಡಿ. ಒಂದು ಗಂಟೆಯ ಮಾತು ಬರೆಯಲು ಒಂದು ಪೂರ್ತಿ ದಿನ ಹಿಡಿಯುತ್ತದೆ ಎಂದು ಮೊದಲೇ ಎಣಿಸಿಕೊಳ್ಳಿ. ಬಹಳ ಮಂದಿ ಕೈಬಿಡುವುದು ಇಲ್ಲೇ.

ಪ್ರಶ್ನೆ: ನಮ್ಮ ಶಾಲೆಯಲ್ಲಿ ಊರ ಹಿರಿಯರನ್ನು ಕರೆಸಿ ಮಾತಾಡಿಸಿದೆವು. ಮಕ್ಕಳು ಆಕಳಿಸಿದರು. ಏನು ಮಾಡಬೇಕು?
— ಪ್ರೌಢಶಾಲಾ ಶಿಕ್ಷಕಿ, ನಂಜನಗೂಡು ತಾಲ್ಲೂಕು

ಮೇಡಂ, ಅದರಲ್ಲಿ ಮಕ್ಕಳ ತಪ್ಪಿಲ್ಲ. ಕೈಯಲ್ಲಿ ಕಲಿಸುವವರನ್ನು ಮೈಕಿನ ಮುಂದೆ ನಿಲ್ಲಿಸಿದರೆ ಅವರಿಗೂ ಕಷ್ಟ, ಕೇಳುವವರಿಗೂ ಕಷ್ಟ.

ಚಿಯಾಪಾಸ್‌ನ ಜಿನಾಕಾಂತಾನ್ ಊರಲ್ಲಿ ಹೆಣ್ಣುಮಕ್ಕಳು ಸೊಂಟಕ್ಕೆ ಪಟ್ಟಿ ಕಟ್ಟಿಕೊಂಡು ನೇಯುವ ಮಗ್ಗ ಕಲಿಯುವ ಕ್ರಮ ನೋಡಿ. ಮೊದಲು ಅಮ್ಮನ ಪಕ್ಕ ಕೂತು ನೋಡುವುದು. ಆಮೇಲೆ ಆಟದ ಮಗ್ಗ. ದೊಡ್ಡವರ ಮಗ್ಗಕ್ಕೆ ಹಾಸಿನ ನೂಲನ್ನು ಬೇರೆ ಚೌಕಟ್ಟಿನ ಮೇಲೆ ಸುತ್ತಿ ಅಳೆದುಕೊಂಡು ತರಬೇಕು, ಅದು ಚಿಕ್ಕವರ ತಲೆಗೆ ಹತ್ತುವುದಿಲ್ಲ. ಆಟದ ಮಗ್ಗದ ಎರಡು ಕಡ್ಡಿಗಳನ್ನು ಪಕ್ಕದಲ್ಲಿ ಹಗ್ಗದಿಂದ ಬಿಗಿದಿರುವುದರಿಂದ ಹಾಸನ್ನು ನೇರ ಅದರ ಮೇಲೇ ಸುತ್ತಬಹುದು. ಹೊಕ್ಕು ಹಾಕುವುದು, ಬಡಿಯುವುದು, ಸೊಂಟ ಹಿಂದೆಳೆದು ಬಿಗಿ ಕೊಡುವುದು ಮಾತ್ರ ದೊಡ್ಡವರ ಮಗ್ಗದಂತೆಯೇ. ಕಷ್ಟದ ಒಂದು ಮೆಟ್ಟಿಲನ್ನು ತೆಗೆದು ಉಳಿದ ಕೆಲಸವನ್ನು ನಿಜವಾಗಿಯೇ ಮಾಡಿಸುತ್ತಾರೆ. ನೂಲು ತೊಡಕಾದಾಗಷ್ಟೇ ಅಮ್ಮ ಕೈ ಹಾಕುವುದು.

ನಿಮ್ಮಲ್ಲಿ ಹೀಗೆ ಮಾಡಿ. ಒಬ್ಬ ಹಿರಿಯರಿಗೆ ಮೂರು ಮಕ್ಕಳು, ಹೆಚ್ಚು ಬೇಡ. ಶಾಲೆಯ ಹಿತ್ತಲಲ್ಲಿ ಹತ್ತಡಿ ಚೌಕದ ಮಡಿ, ಜುಲೈಯಿಂದ ಜನವರಿವರೆಗೆ, ವಾರಕ್ಕೆ ಒಂದು ಗಂಟೆ. ಬೆಳೆದ ಅವರೆ, ಸೊಪ್ಪು ಬಿಸಿಯೂಟದ ಸಾರಿಗೇ ಹೋಗಲಿ, ತಾನು ಬೆಳೆದದ್ದನ್ನು ಉಣ್ಣುವ ಮಗುವಿಗೆ ಕಳೆ ಕೀಳಲು ಹೇಳಬೇಕಾಗಿಲ್ಲ. ಕೂಲಿಗೆ ಹೋಗುವ ಹಿರಿಯರಾದರೆ ಆ ಗಂಟೆಯ ಕೂಲಿಯನ್ನು ಶಾಲಾ ಸಮಿತಿ ಕೊಡಲೇಬೇಕು. ಶಾಲು ಹಾರ ಹಾಕಿ ಫೋಟೊ ತೆಗೆದು ಬರಿಗೈಯಲ್ಲಿ ಕಳಿಸುವುದು ನ್ಯಾಯವಲ್ಲ. ಅಕ್ಷರ ಬಾರದ ಹಿರಿಯರಿಗೆ ಪಾಠ ಯೋಜನೆ ಎಂದು ಹಾಳೆ ಕೊಟ್ಟು ಮುಜುಗರ ಮಾಡಬೇಡಿ. ಬರೆಯುವ ಕೆಲಸ ಮಕ್ಕಳದು.

ಪ್ರಶ್ನೆ: ನಮ್ಮ ಹಾಡಿಯ ಹತ್ತಿರ ನಾಟಿ ಔಷಧ ಕೊಡುವ ಅಜ್ಜಿ ಇದ್ದಾರೆ. ‘ಹೇಳಿದರೆ ಮದ್ದಿನ ಗುಣ ಹೋಗುತ್ತೆ’ ಎನ್ನುತ್ತಾರೆ. ಅವರಿಂದ ಹೇಗೆ ಬರೆಸಿಕೊಳ್ಳುವುದು?
— ಹುಣಸೂರಿನ ಓದುಗರು

ಬರೆಸಿಕೊಳ್ಳಲೇಬೇಕು ಎಂಬ ಹಟ ಬೇಡ. ಅವರ ಅಂಜಿಕೆ ಸುಳ್ಳಲ್ಲ. 1998ರಲ್ಲಿ ಚಿಯಾಪಾಸ್‌ನಲ್ಲಿ ಅಮೆರಿಕ ಸರ್ಕಾರದ ಹಣದಿಂದ ಮಾಯಾ ಮದ್ದಿನ ಗಿಡಗಳ ಸಂಶೋಧನೆಯೊಂದು ಶುರುವಾಯಿತು, ಒಂದು ಖಾಸಗಿ ಕಂಪನಿಯೂ ಜೊತೆಗಿತ್ತು. ಕೆಲವು ಹಳ್ಳಿಗಳು ಒಪ್ಪಿಗೆ ಕೊಟ್ಟವು. ಆದರೆ ಅದೇ ಗಿಡ, ಅದೇ ಮದ್ದು ಪಕ್ಕದ ಹಳ್ಳಿಗಳದೂ ಹೌದಲ್ಲ, ಎಲ್ಲರ ಪರವಾಗಿ ಒಪ್ಪಲು ಇವರು ಯಾರು ಎಂದು ನಾಟಿ ವೈದ್ಯರ ಸಂಘಗಳು ಎದ್ದು ನಿಂತವು. 2001ರಲ್ಲಿ ಯೋಜನೆಯೇ ನಿಂತಿತು. ನಮ್ಮ ಅರಿಶಿನಕ್ಕೂ 1995ರಲ್ಲಿ ಅಮೆರಿಕದಲ್ಲಿ ಪೇಟೆಂಟ್ ಆಗಿತ್ತು. ಹಳೆಯ ಬರಹಗಳ ಸಾಕ್ಷಿ ಮುಂದಿಟ್ಟ ಮೇಲೆ 1997ರಲ್ಲಿ ರದ್ದಾಯಿತು. ಬರೆದಿಟ್ಟರೆ ಕಾಪಾಡಬಹುದು, ಬರೆದಿಟ್ಟರೆ ಕದಿಯಲೂಬಹುದು. ಯಾವುದನ್ನು ಬರೆಯಬೇಕು ಎಂಬ ತೀರ್ಮಾನ ಅಜ್ಜಿಯದು.

ಮೂರು ಗಂಟು ಮಾಡಿ ಕೇಳಿ: ಊರಿಗೆಲ್ಲ ಹೇಳಬಹುದಾದದ್ದು, ಹಾಡಿಯೊಳಗೇ ಇರಬೇಕಾದದ್ದು, ಬರೆಯಲೇಬಾರದ್ದು. ಮೂರನೆಯದಕ್ಕೆ ಕೈ ಹಾಕಬೇಡಿ. ಅಜ್ಜಿ ಒಪ್ಪಿದ ಒಬ್ಬ ಮೊಮ್ಮಗಳು ಜೊತೆಗಿದ್ದು ಕಲಿಯುವುದೇ ಅದಕ್ಕೆ ದಾರಿ. ಗುಟ್ಟು ಇಡುವುದರ ಹಿಂದೆ ಪ್ರಾಣದ ಪ್ರಶ್ನೆಯೂ ಇದೆ. ಉಮ್ಮತ್ತಿಯಲ್ಲಿ, ಗುಲಗಂಜಿಯಲ್ಲಿ, ಗೌರಿ ಹೂವಿನ ಗೆಡ್ಡೆಯಲ್ಲಿ ವಿಷವಿದೆ. ಶುದ್ಧಿ, ಪ್ರಮಾಣ ತಿಳಿಯದವರ ಕೈಗೆ ಹೆಸರು ಮಾತ್ರ ಸಿಕ್ಕರೆ ಅನಾಹುತ. ಅದಕ್ಕೇ ಮದ್ದಿನ ವಿಧಾನ ಯೂಟ್ಯೂಬಿಗೆ ಹಾಕಬೇಡಿ. ಹಾವು ಕಚ್ಚಿದವರನ್ನು ಆಸ್ಪತ್ರೆಗೇ ಒಯ್ಯಬೇಕು, ಅದರಲ್ಲಿ ಎರಡು ಮಾತಿಲ್ಲ.

ಮೊದಲಿಗೆ ಗಿಡದ ಗುರುತನ್ನಷ್ಟೇ ದಾಖಲಿಸಿ. ಒಂದೇ ಹೆಸರನ್ನು ಎರಡು ಊರಲ್ಲಿ ಎರಡು ಗಿಡಕ್ಕೆ ಹೇಳುತ್ತಾರೆ. ಎಲೆ, ಹೂ, ಕಾಯಿ ಇರುವ ರೆಂಬೆಯನ್ನು ಹಳೆಯ ಪತ್ರಿಕೆಗಳ ನಡುವೆ ಒತ್ತಿ, ತೇವ ಹೀರಿದ ಕಾಗದವನ್ನು ಮೊದಲ ವಾರ ದಿನಾ ಬದಲಿಸಿ. ಬದಲಿಸದಿದ್ದರೆ ಕಪ್ಪಾಗುತ್ತದೆ. 2002ರ ಜೀವವೈವಿಧ್ಯ ಕಾಯ್ದೆಯ ಪ್ರಕಾರ ಪ್ರತಿ ಗ್ರಾಮ ಪಂಚಾಯಿತಿಯಲ್ಲೂ ಜೀವವೈವಿಧ್ಯ ನಿರ್ವಹಣಾ ಸಮಿತಿ, ಅದರ ಜನತಾ ದಾಖಲಾತಿ ಇರಬೇಕು. ಅಲ್ಲಿ ಸೇರಿಸುವಾಗ ಯಾವುದು ಗೋಪ್ಯ ಎಂದು ಬರೆಸಿ.

ಪ್ರಶ್ನೆ: ನಮ್ಮ ತಂದೆ ಆಲೆಮನೆಯಲ್ಲಿ ಪಾಕ ನೋಡುತ್ತಿದ್ದರು. ತೀರಿಕೊಂಡು ಎರಡು ವರ್ಷವಾಯಿತು. ಏನೂ ಬರೆದಿಟ್ಟಿಲ್ಲ. ಇನ್ನು ಸಿಗುವುದಿಲ್ಲವೇ?
— ಮಂಡ್ಯದ ಓದುಗರು

ಬಹುಪಾಲು ಸಿಗುತ್ತದೆ. ಪಾಕ ನೋಡುವವರು ಒಬ್ಬರೇ ಇರುವುದಿಲ್ಲ. ಒಲೆಗೆ ಕಬ್ಬಿನ ರಚ್ಚು ಹಾಕಿದವರು, ಕೊಪ್ಪರಿಗೆ ಇಳಿಸಿದವರು, ಮಡ್ಡಿ ತೆಗೆದವರು ಇದ್ದಾರೆ. ಒಬ್ಬೊಬ್ಬರನ್ನೂ ಬೇರೆ ಬೇರೆ ಕೇಳಿ, ಆಮೇಲೆ ಒಟ್ಟಿಗೆ ಕೂರಿಸಿ. ಒಬ್ಬರು ಇನ್ನೊಬ್ಬರನ್ನು ತಿದ್ದುವಾಗ ಮರೆತದ್ದು ಹೊರಬರುತ್ತದೆ. ನಡೆಯುತ್ತಿರುವ ಆಲೆಮನೆಗೆ ಅವರನ್ನೇ ಕರೆದೊಯ್ಯಿರಿ. ಪಾಕ ಎಳೆ ಬಂದಾಗ ತಣ್ಣೀರಿಗೆ ಒಂದು ತೊಟ್ಟು ಬಿಟ್ಟು, ಬೆರಳಲ್ಲಿ ಉಂಡೆ ಕಟ್ಟಿ, ಅದೇ ಕ್ಷಣ ಥರ್ಮಾಮೀಟರ್ ಇಟ್ಟು ನೋಡಿ. ಅಚ್ಚಿಗೆ ಹೊಯ್ಯುವ ಬೆಲ್ಲ ಸಾಮಾನ್ಯವಾಗಿ 118 ಡಿಗ್ರಿ ಸೆಲ್ಸಿಯಸ್ ಆಸುಪಾಸಿನಲ್ಲಿ ಇಳಿಯುತ್ತದೆ. ಮುಂಚೆ ಇಳಿಸಿದರೆ ಬೆಲ್ಲ ಮೆತ್ತಗಾಗಿ ನೀರೊಡೆಯುತ್ತದೆ, ತಡವಾದರೆ ಕಪ್ಪಾಗಿ ಕಹಿ ತಿರುಗುತ್ತದೆ. ಕಬ್ಬಿನ ತಳಿ, ಕೂಳೆಯೋ ಹೊಸ ನಾಟಿಯೋ, ಕಡಿದು ಎಷ್ಟು ಹೊತ್ತಾಯಿತು, ಇವನ್ನು ಪಕ್ಕದಲ್ಲಿ ಬರೆಯದಿದ್ದರೆ ಆ ಡಿಗ್ರಿಗೆ ಅರ್ಥವಿಲ್ಲ.

ಪ್ರಶ್ನೆ: ಇಷ್ಟೆಲ್ಲ ದಾಖಲಿಸಿದ ಮೇಲೆ ಎಲ್ಲಿ ಕೊಡುವುದು?
— ಮಳವಳ್ಳಿಯ ಓದುಗರು

ಮೊದಲ ಪ್ರತಿ ಹೇಳಿದವರ ಮನೆಗೆ. ಮಂಟೇಸ್ವಾಮಿ, ಮಾದೇಶ್ವರ ಕಾವ್ಯ ಹಾಡುವವರದಾದರೆ ಅವರ ತಂಡಕ್ಕೆ. ಭಾಷೆ, ಹಾಡು, ಕಥೆಗಾದರೆ ಮೈಸೂರಿನಲ್ಲಿ 1969ರಿಂದಿರುವ ಭಾರತೀಯ ಭಾಷಾ ಸಂಸ್ಥಾನ ಮತ್ತು ಮಾನಸಗಂಗೋತ್ರಿಯ ಕುವೆಂಪು ಕನ್ನಡ ಅಧ್ಯಯನ ಸಂಸ್ಥೆಯಲ್ಲಿ ವಿಚಾರಿಸಿ. ಹಳೆಯ ಉಪಕರಣಗಳಿಗೆ ಜಯಲಕ್ಷ್ಮಿ ವಿಲಾಸದ ಜಾನಪದ ವಸ್ತುಸಂಗ್ರಹಾಲಯವಿದೆ. ಓಲೆಗರಿ ಸಿಕ್ಕರೆ ಎಣ್ಣೆ ಸವರಬೇಡಿ, ಬಿಸಿಲಿಗಿಡಬೇಡಿ, ಬಟ್ಟೆಯಲ್ಲಿ ಸುತ್ತಿ 1891ರಲ್ಲಿ ಶುರುವಾದ ಪ್ರಾಚ್ಯವಿದ್ಯಾ ಸಂಶೋಧನಾಲಯದವರಿಗೆ ತೋರಿಸಿ. ಬೀಜದ ತಳಿಗಳಿಗೆ ಮಂಡ್ಯದ ವಿ.ಸಿ. ಫಾರಂ ಕೃಷಿ ಸಂಶೋಧನಾ ಕೇಂದ್ರ. ಎಲ್ಲಿ ಕೊಟ್ಟರೂ ಯಾರು ಕೇಳಬಹುದು, ಯಾರು ನಕಲು ಮಾಡಬಹುದು, ಹೇಳಿದವರ ಹೆಸರು ಹಾಕುತ್ತಾರಾ ಎನ್ನುವುದನ್ನು ಒಂದು ಹಾಳೆಯಲ್ಲಿ ಬರೆಸಿ, ಸಹಿ ಮಾಡಿಸಿಕೊಂಡೇ ಕೊಡಿ. ಬೀಜವನ್ನಾದರೆ ಅರ್ಧ ಮನೆಯಲ್ಲೇ ಇಟ್ಟುಕೊಂಡು ಪ್ರತಿ ವರ್ಷ ಬಿತ್ತಿ.